ಹಿಂದಿನ ಚಕ್ರಗಳ ದಾರಿ: ಹೊಸ ಚಾಲಕರು ಕಾರು ನಿಲ್ಲಿಸಲು ಕಲಿಯುವ ಬಗೆ

ಭಾರತದಲ್ಲಿ ಒಂದು ಕಾರಿನ ನಿಲುಗಡೆಗೆಂದು ಸಾಮಾನ್ಯವಾಗಿ ಗುರುತು ಹಾಕುವ ಜಾಗ ಸುಮಾರು 5 ಮೀಟರ್ ಉದ್ದ ಮತ್ತು 2.5 ಮೀಟರ್ ಅಗಲವಿದ್ದು, ಸಣ್ಣ ಕಾರೊಂದರ ಅಗಲವೇ 1.7 ಮೀಟರಿನ ಆಸುಪಾಸಿನಲ್ಲಿರುವುದರಿಂದ ಎರಡೂ ಬದಿಯಲ್ಲಿ ಉಳಿಯುವುದು ತಲಾ 40 ಸೆಂಟಿಮೀಟರಿನಷ್ಟು ಮಾತ್ರ. ಬಾಗಿಲು ತೆರೆದು ಇಳಿಯುವುದಕ್ಕೂ ಪಕ್ಕದ ಕಾರಿಗೆ ತಗಲದಂತೆ ಹೊರಡುವುದಕ್ಕೂ ಇಷ್ಟರಲ್ಲೇ ಅನುವಾಗಬೇಕು. ಗೇರು, ಕ್ಲಚ್ಚುಗಳನ್ನು ಕೆಲವೇ ವಾರಗಳಲ್ಲಿ ರೂಢಿಸಿಕೊಂಡವರು ಕೂಡ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ಕಾರು ತೂರಿಸುವಾಗ ಕಂಗಾಲಾಗುವುದಕ್ಕೆ ಜಾಗದ ಇಕ್ಕಟ್ಟು ಒಂದು ಕಾರಣ. ಕಾರು ತಿರುಗುವ ಕ್ರಮವನ್ನು ಅವರಿಗೆ ಯಾರೂ ತಿಳಿಸಿಕೊಡದಿರುವುದು ಅದಕ್ಕಿಂತ ದೊಡ್ಡ ಕಾರಣ.

ಸ್ಟೀರಿಂಗ್ ತಿರುಗಿಸಿದಾಗ ಹೊರಳುವುದು ಮುಂದಿನ ಚಕ್ರಗಳು ಮಾತ್ರ. ಹಿಂದಿನ ಚಕ್ರಗಳು ಹೊರಳಲಾರವು. ಅವು ಸದಾ ಕಾರಿನ ಉದ್ದಕ್ಕೇ ನೇರವಾಗಿ ನಿಂತಿದ್ದು, ತಿರುವಿನಲ್ಲಿ ಮುಂದಿನ ಚಕ್ರಗಳಿಗಿಂತ ಒಳಮಗ್ಗುಲಿನ ದಾರಿಯನ್ನು ಹಿಡಿಯುತ್ತವೆ. ನಿಧಾನವಾಗಿ ತಿರುಗುವ ಕಾರು ಹಿಂದಿನ ಅಚ್ಚಿನ ಗೆರೆಯನ್ನು ಪಕ್ಕಕ್ಕೆ ಚಾಚಿದರೆ ಸಿಗುವ ಒಂದು ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು ಸುತ್ತುತ್ತದೆ. ಒಳಬದಿಯ ಮುಂಚಕ್ರ ಹೊರಬದಿಯದಕ್ಕಿಂತ ಹೆಚ್ಚು ಕೋನದಲ್ಲಿ ಹೊರಳುವಂತೆ ಮಾಡಿ ಇದನ್ನು ಸಾಧ್ಯವಾಗಿಸುವ ಜೋಡಣೆಗೆ ಆಕರ್ಮನ್ ಸ್ಟೀರಿಂಗ್ ಎಂಬ ಹೆಸರಿದ್ದು, ರುಡಾಲ್ಫ್ ಆಕರ್ಮನ್ 1818ರಲ್ಲಿ ಇಂಗ್ಲೆಂಡಿನಲ್ಲಿ ಇದರ ಹಕ್ಕುಪತ್ರ ಪಡೆದದ್ದು ಕುದುರೆಗಾಡಿಗಳಿಗಾಗಿ.

ಕಾರನ್ನು ಮೂತಿ ಮುಂದಾಗಿ ಜಾಗದೊಳಕ್ಕೆ ನುಗ್ಗಿಸಿದಾಗ ಬಂಪರು ಸಲೀಸಾಗಿ ದಾಟಿದರೂ ಹಿಂಬಾಗಿಲು ಕಂಬಕ್ಕೆ ಉಜ್ಜಿಕೊಳ್ಳುವುದು ಇದೇ ಕಾರಣದಿಂದ. ರಿವರ್ಸ್‌ನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ: ಹೊರಳದ ಚಕ್ರಗಳು ಮೊದಲು ಒಳಸೇರಿ ಕಂಬದ ಮಗ್ಗುಲಲ್ಲೇ ಹಾದುಹೋಗುತ್ತವೆ, ಅಗಲವಾಗಿ ಬೀಸುವ ಮೂತಿಗೆ ಎದುರಿನ ಓಡಾಟದ ದಾರಿಯಲ್ಲಿ ಜಾಗ ಸಿಗುತ್ತದೆ. ಆದ್ದರಿಂದ ನಿಲ್ಲಿಸಬೇಕಾದ ಜಾಗವನ್ನು ತುಸು ದಾಟಿ ಹೋಗಿ, ಹಿಂದಿನ ಚಕ್ರ ಕಂಬದ ನೇರಕ್ಕೆ ಬರುತ್ತಿದ್ದಂತೆ ಸ್ಟೀರಿಂಗನ್ನು ಆ ಬದಿಗೆ ಪೂರ್ತಿ ತಿರುಗಿಸಿ, ಎರಡೂ ಬದಿಯ ಕನ್ನಡಿಗಳಲ್ಲಿ ಗೆರೆಗಳು ಕಾರಿಗೆ ಸಮಾನಾಂತರವಾಗಿ ಕಂಡಾಗ ನೇರ ಮಾಡಿಕೊಳ್ಳುವುದು ಹೊಸಬರಿಗೆ ಹೆಚ್ಚು ಸುಲಭ. ರಸ್ತೆಯ ಅಂಚಿನಲ್ಲಿ ಒಂದರ ಹಿಂದೊಂದು ನಿಂತ ಕಾರುಗಳ ನಡುವೆ ಸೇರಿಸುವ ಪ್ಯಾರಲಲ್ ಪಾರ್ಕಿಂಗ್‌ಗೂ ಇದೇ ಲೆಕ್ಕ ಸಾಕು. ಅಲ್ಲಿ ಎಡಕ್ಕೆ ತಿರುಗಿಸಿ ಹಿಂಬದಿಯನ್ನು ಒಳತಂದ ಮೇಲೆ, ಮೂತಿ ಮುಂದಿನ ಕಾರಿನ ಬಂಪರನ್ನು ದಾಟಿದ್ದನ್ನು ನೋಡಿಕೊಂಡೇ ಬಲಕ್ಕೆ ತಿರುಗಿಸಬೇಕು.

ಕಲಿಸುವವರಲ್ಲಿ ಹಲವರು ಈ ತಿಳಿವಳಿಕೆಯ ಬದಲು ಗುರುತುಗಳನ್ನು ಕೊಡುತ್ತಾರೆ. ಕಂಬ ಹಿಂದಿನ ಕಿಟಕಿಯಲ್ಲಿ ಕಂಡಾಗ ಇಷ್ಟು ಸುತ್ತು ತಿರುಗಿಸಿ ಎಂಬ ಪಾಠ ತರಬೇತಿಯ ಕಾರಿಗೆ, ಆ ಮೈದಾನಕ್ಕೆ ಮಾತ್ರ ಹೊಂದುತ್ತದೆ. ಸ್ವಂತ ಕಾರಿನ ಉದ್ದ ಬೇರೆಯಾದ ಕೂಡಲೇ ಅದು ಕೈಕೊಡುತ್ತದೆ. ಇಕ್ಕಟ್ಟಾದ ತೆರಪಿನೊಳಕ್ಕೆ ವಾಹನವನ್ನು ಹಿಡಿತ ತಪ್ಪದಂತೆ ಹಿಮ್ಮುಖವಾಗಿ ನಡೆಸುವುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮವು ಲೈಸೆನ್ಸ್ ಪರೀಕ್ಷೆಯ ಭಾಗವಾಗಿಯೇ ಹೇಳಿರುವಾಗ, ಡ್ರೈವಿಂಗ್ ಸ್ಕೂಲುಗಳು ರಿವರ್ಸ್ ಅಭ್ಯಾಸವನ್ನು ಕೊನೆಯ ಒಂದೆರಡು ದಿನಗಳಿಗೆ ತಳ್ಳುವುದು ಕಲಿಯುವವರಿಗೆ ಮಾಡುವ ಅನ್ಯಾಯವೇ ಸರಿ.

ವೇಗದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಸಮತಟ್ಟಿನಲ್ಲಿ ಆಕ್ಸಿಲರೇಟರಿನ ಗೊಡವೆಗೆ ಹೋಗದೆ, ಹಾಫ್ ಕ್ಲಚ್ಚಿನಲ್ಲಿ, ಅಂದರೆ ಕ್ಲಚ್ಚನ್ನು ಅರ್ಧವಷ್ಟೇ ಬಿಟ್ಟು, ಇನ್ನೊಂದು ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡರೆ ಕಾರು ನಡಿಗೆಗಿಂತ ನಿಧಾನವಾಗಿ ಸರಿಯುತ್ತದೆ. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿರುವ ಹಿಂಬದಿಯ ಸೆನ್ಸರ್ ಅಡ್ಡವಿರುವ ವಸ್ತುವಿನ ದೂರವನ್ನು ಸದ್ದಿನಿಂದ ತಿಳಿಸುತ್ತದಾದರೂ ತೆಳ್ಳನೆಯ ಸರಳು, ತೀರಾ ತಗ್ಗಿನ ಕಲ್ಲು, ಬಾಯ್ದೆರೆದ ಮೋರಿ ಇವು ಅದಕ್ಕೆ ಗೋಚರಿಸದೇ ಹೋಗಬಹುದು. ಓಡಿ ಬರುವ ಮಗುವಿಗಂತೂ ಅದನ್ನು ನಂಬುವಂತಿಲ್ಲ. ರಿವರ್ಸ್ ಹಾಕುವ ಮುನ್ನ ಇಳಿದು ಒಮ್ಮೆ ನೋಡುವುದನ್ನು ನಾಚಿಕೆಯ ಸಂಗತಿ ಎಂದು ಯಾರೂ ಭಾವಿಸಬಾರದು.

ನಿಂತ ಕಾರು ನಿಂತೇ ಇರುವಂತೆ ನೋಡಿಕೊಳ್ಳುವುದೂ ಚಾಲಕರ ಹೊಣೆ. ಸಾರ್ವಜನಿಕ ಸ್ಥಳದಲ್ಲಿ ವಾಹನ ಬಿಟ್ಟು ಹೋಗುವವರು ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು ಅಥವಾ ಅದು ತಾನಾಗಿ ಚಲಿಸದಂತೆ ಬೇರೆ ಕ್ರಮ ಕೈಗೊಂಡಿರಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ವಿಧಿಸುತ್ತದೆ. ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಟ್ಟುಹೋಗಿ, ಬೇಕಾದಾಗ ತಳ್ಳಿಕೊಳ್ಳುತ್ತೇವೆ ಎಂದು ಪಾರ್ಕಿಂಗ್ ಸಿಬ್ಬಂದಿ ಕೇಳುವುದುಂಟು. ಇಳಿಜಾರು ಕಿಂಚಿತ್ತಿದ್ದರೂ ಇದಕ್ಕೆ ಒಪ್ಪಬಾರದು. ಮಡಿಕೇರಿಯಂಥ ಊರಿನಲ್ಲಿ ಹ್ಯಾಂಡ್‌ಬ್ರೇಕಿನ ಜೊತೆಗೆ, ಮೂತಿ ಏರಿನ ಕಡೆಗಿದ್ದರೆ ಮೊದಲ ಗೇರಿನಲ್ಲೂ ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಗೇರಿನಲ್ಲೂ ನಿಲ್ಲಿಸಿ, ಕಾರು ಜಾರಿದರೂ ರಸ್ತೆಯ ನಡುವಿಗೆ ಬಾರದೆ ಅಂಚಿಗೆ ಹೋಗಿ ತಡೆಯುವಂತೆ ಮುಂಚಕ್ರಗಳನ್ನು ಹೊರಳಿಸಿಡಬೇಕು. ಚಕ್ರಕ್ಕೆ ಕಲ್ಲು ಕೊಡುವ ಹಳೆಯ ರೂಢಿಯೂ ಒಳ್ಳೆಯದೇ, ಆದರೆ ಹೊರಡುವಾಗ ಆ ಕಲ್ಲನ್ನು ಎತ್ತಿ ಬದಿಗೆ ಹಾಕದಿದ್ದರೆ ರಾತ್ರಿ ಅದೇ ದಾರಿಯಲ್ಲಿ ಬರುವ ಬೈಕ್ ಸವಾರರು ಎಡವಿ ಬೀಳುತ್ತಾರೆ.