ಲೈಬ್ರರಿ ಇದೆ, ಆದರೂ ಕಂಪೈಲ್ ಆಗುವುದಿಲ್ಲ

ಮುಕ್ತ ತಂತ್ರಾಂಶವೊಂದನ್ನು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಲು ಆ ಕೋಡ್ ಒಂದೇ ಸಾಲದು. ಕಂಪೈಲರ್, ಮೇಕ್‌ನಂಥ ಉಪಕರಣಗಳು, ಆ ತಂತ್ರಾಂಶ ಆತುಕೊಂಡಿರುವ ಲೈಬ್ರರಿಗಳು ಎಲ್ಲವೂ ಮೊದಲೇ ಕಂಪ್ಯೂಟರಿನಲ್ಲಿ ಇರಬೇಕು. ಇವನ್ನೇ ಬಿಲ್ಡ್ ಡಿಪೆಂಡೆನ್ಸಿ ಎನ್ನುತ್ತಾರೆ. ಡೆಬಿಯನ್, ಉಬುಂಟು, ಫೆಡೋರಾ, ಆರ್ಚ್, ಆಲ್ಪೈನ್ ಮುಂತಾದ ಲಿನಕ್ಸ್ ಡಿಸ್ಟ್ರೋಗಳು ಒಂದೇ ಲೈಬ್ರರಿಯನ್ನು ತಮ್ಮ ತಮ್ಮ ಹೆಸರಿಟ್ಟು, ತಮ್ಮ ತಮ್ಮ ರೀತಿಯಲ್ಲಿ ತುಂಡು ಮಾಡಿ ಹಂಚುವುದರಿಂದ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ.

ಕಲ್ಪನೆ: ಲೈಬ್ರರಿ ಇನ್‌ಸ್ಟಾಲ್ ಆಗಿದ್ದರೆ ಕಂಪೈಲ್ ಆಗಲೇಬೇಕು.

ಪ್ರೋಗ್ರಾಂ ಓಡಲು ಬೇಕಾದದ್ದು ಬೇರೆ, ಅದನ್ನು ಕಟ್ಟಲು ಬೇಕಾದದ್ದು ಬೇರೆ. ಎಕ್ಸ್‌ಜೆಡ್ ಸಂಕೋಚನದ ಲೈಬ್ರರಿಯನ್ನೇ ನೋಡಬಹುದು. ಡೆಬಿಯನ್, ಉಬುಂಟುಗಳಲ್ಲಿ ಓಡುವ ಪ್ರೋಗ್ರಾಂಗಳು ಹುಡುಕುವುದು ‘ಲಿಬ್‌ಎಲ್‌ಜೆಡ್‌ಎಂಎ.ಎಸ್‌ಒ.5’ ಎಂಬ ಕಡತವನ್ನು. ಅದು ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ. ಆದರೆ ಕಂಪೈಲರ್ ಕೇಳುವುದು ‘ಎಲ್‌ಜೆಡ್‌ಎಂಎ.ಎಚ್’ ಎಂಬ ಹೆಡರ್ ಕಡತವನ್ನು. ಲಿಂಕರ್ ಕೇಳುವುದು ಕೊನೆಯಲ್ಲಿ 5 ಇಲ್ಲದ, ಬರೀ ‘.ಎಸ್‌ಒ’ ಎಂದು ಮುಗಿಯುವ ಕೊಂಡಿಯನ್ನು. ಈ ಎರಡೂ ಇರುವುದು ‘ಲಿಬ್‌ಎಲ್‌ಜೆಡ್‌ಎಂಎ-ಡೆವ್’ ಎಂಬ ಇನ್ನೊಂದು ಪ್ಯಾಕೇಜಿನಲ್ಲಿ. ಫೆಡೋರಾದಲ್ಲಿ ಅದೇ ಸಾಮಾನಿನ ಹೆಸರು ‘ಎಕ್ಸ್‌ಜೆಡ್-ಡೆವೆಲ್’, ಆಲ್ಪೈನ್‌ನಲ್ಲಿ ‘ಎಕ್ಸ್‌ಜೆಡ್-ಡೆವ್’. ಆರ್ಚ್‌ಗೆ ಈ ವಿಂಗಡಣೆಯ ಗೊಡವೆಯೇ ಇಲ್ಲ. ‘ಎಕ್ಸ್‌ಜೆಡ್’ ಹಾಕಿದರೆ ಹೆಡರ್ ಜತೆಗೇ ಬರುತ್ತದೆ.

ಕಲ್ಪನೆ: ಎರರ್‌ನಲ್ಲಿ ಕಂಡ ಹೆಸರೇ ಪ್ಯಾಕೇಜಿನ ಹೆಸರು.

‘ಲಿಬ್‌ಎಲ್‌ಜೆಡ್‌ಎಂಎ ಎಂಬ ಪ್ಯಾಕೇಜ್ ಸಿಗಲಿಲ್ಲ’ ಎಂದು ಬಿಲ್ಡ್ ನಿಂತಾಗ ಹಲವರು ಆ ಹೆಸರನ್ನೇ ಡಿಸ್ಟ್ರೋದಲ್ಲಿ ಹುಡುಕಿ ಸೋಲುತ್ತಾರೆ. ಹಾಗೆ ದೂರುತ್ತಿರುವುದು ಪಿಕೆಜಿ-ಕಾನ್ಫಿಗ್ ಎಂಬ ಉಪಕರಣ. ಅದರ ಭಾಷೆಯಲ್ಲಿ ಪ್ಯಾಕೇಜ್ ಎಂದರೆ ‘.ಪಿಸಿ’ ಎಂದು ಕೊನೆಗೊಳ್ಳುವ ಪುಟ್ಟ ಪಠ್ಯ ಕಡತ, ಅಷ್ಟೇ. ಲೈಬ್ರರಿಯ ಆವೃತ್ತಿ ಯಾವುದು, ಹೆಡರ್‌ಗಳು ಎಲ್ಲಿವೆ, ಏನನ್ನು ಲಿಂಕ್ ಮಾಡಬೇಕು ಎಂಬುದು ಅದರಲ್ಲಿ ಬರೆದಿರುತ್ತದೆ. ಕಾಣೆಯಾಗಿರುವುದು ಒಂದು ಕಡತ. ಹಾಗಾಗಿ ಕೇಳಬೇಕಾದ ಪ್ರಶ್ನೆ, ಆ ಕಡತ ಯಾವ ಪ್ಯಾಕೇಜಿನಲ್ಲಿದೆ ಎಂಬುದು. ಡೆಬಿಯನ್ ಬಳಗದಲ್ಲಿ ‘ಆ್ಯಪ್ಟ್-ಫೈಲ್’, ಆರ್ಚ್‌ನಲ್ಲಿ ‘ಪ್ಯಾಕ್‌ಮ್ಯಾನ್ -ಎಫ್’ ಇದಕ್ಕೆ ಉತ್ತರ ಕೊಡುತ್ತವೆ. ಫೆಡೋರಾ ಇನ್ನೂ ಒಂದು ಹೆಜ್ಜೆ ಮುಂದೆ: ಪಿಕೆಜಿ-ಕಾನ್ಫಿಗ್ ಹೆಸರನ್ನು ‘ಪಿಕೆಜಿಕಾನ್ಫಿಗ್(ಲಿಬ್‌ಎಲ್‌ಜೆಡ್‌ಎಂಎ)’ ಎಂಬ ರೂಪದಲ್ಲಿ ಕೊಟ್ಟರೆ ಸರಿಯಾದ ಪ್ಯಾಕೇಜನ್ನು ಅಲ್ಲಿನ ಪ್ಯಾಕೇಜ್ ನಿರ್ವಾಹಕ ಡಿಎನ್‌ಎಫ್ ತಾನೇ ಹುಡುಕಿ ಹಾಕುತ್ತದೆ.

ಕಲ್ಪನೆ: ‘ಬಿಲ್ಡ್-ಡೆಪ್’ ಆದೇಶ ಕೊಟ್ಟರೆ ಎಲ್ಲ ಮುಗಿಯಿತು.

ಅರ್ಧ ಸತ್ಯ. ಬಿಲ್ಡ್ ಡಿಪೆಂಡೆನ್ಸಿಗಳನ್ನು ಒಟ್ಟಿಗೇ ಹಾಕುವ ಈ ಆದೇಶ ತರುವುದು ಆ ಡಿಸ್ಟ್ರೋದಲ್ಲಿರುವ ಆವೃತ್ತಿಗೆ ಬೇಕಾದ ಪಟ್ಟಿಯನ್ನು. ಹೊಸ ಆವೃತ್ತಿಗೆ ಹೊಸ ಲೈಬ್ರರಿ ಬೇಕಿದ್ದರೆ ಅದು ಆ ಪಟ್ಟಿಯಲ್ಲಿ ಇರುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ಮೂಲಗಳ ಪಟ್ಟಿಯ ಸೋರ್ಸ್ ಸಾಲುಗಳನ್ನು ಮೊದಲು ಸಕ್ರಿಯಗೊಳಿಸದಿದ್ದರೆ ಆದೇಶ ಕೆಲಸವನ್ನೇ ಮಾಡುವುದಿಲ್ಲ.

ಕಲ್ಪನೆ: ಎರರ್ ಇಲ್ಲದೆ ಬಿಲ್ಡ್ ಮುಗಿದರೆ ಎಲ್ಲವೂ ಸರಿಯಿದೆ.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಈ ನಂಬಿಕೆ. ಹಲವು ಲೈಬ್ರರಿಗಳು ಕಡ್ಡಾಯವಲ್ಲ, ಐಚ್ಛಿಕ. ಕಂಪೈಲ್‌ಗೆ ಮೊದಲು ವ್ಯವಸ್ಥೆಯನ್ನು ಪರಿಶೀಲಿಸುವ ಕಾನ್ಫಿಗರ್ ಹಂತದಲ್ಲಿ ಅವು ಸಿಕ್ಕರೆ ಆ ಸೌಲಭ್ಯ ಸೇರುತ್ತದೆ, ಸಿಗದಿದ್ದರೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಕನ್ನಡಿಗರಿಗೆ ಇದು ಕಣ್ಣಿಗೇ ಕಾಣುವ ಜಾಗ, ಚಿತ್ರಗಳನ್ನು ತಿದ್ದುವ ತಂತ್ರಾಂಶ ಇಮೇಜ್‌ಮ್ಯಾಜಿಕ್. ಚಿತ್ರದ ಮೇಲೆ ಅಕ್ಷರ ಬರೆಯುವಾಗ ಒತ್ತಕ್ಷರಗಳನ್ನು ಜೋಡಿಸಲು ಅದು ರಾಕ್ಮ್ ಎಂಬ ಲೈಬ್ರರಿಯ ನೆರವು ಪಡೆಯುತ್ತದೆ. ರಾಕ್ಮ್‌ನ ಒಳಗೆ ಆ ಕೆಲಸ ಮಾಡುವುದು ಇನ್ನೊಂದು ಲೈಬ್ರರಿ, ಹಾರ್ಫ್‌ಬಜ್. ‘ಲಿಬ್‌ರಾಕ್ಮ್-ಡೆವ್’ ಇಲ್ಲದ ಕಂಪ್ಯೂಟರಿನಲ್ಲೂ ಇಮೇಜ್‌ಮ್ಯಾಜಿಕ್ ಯಾವ ತಕರಾರೂ ಇಲ್ಲದೆ ಕಂಪೈಲ್ ಆಗುತ್ತದೆ. ಇಂಗ್ಲಿಷ್ ಬರಹವೂ ಚೆನ್ನಾಗಿಯೇ ಮೂಡುತ್ತದೆ. ‘ಅಕ್ಕ’ ಎಂದು ಬರೆಸಿದಾಗ ಮಾತ್ರ ಒತ್ತು ಕಳಚಿ, ‘ಅಕ್‌ಕ’ ಎಂಬಂತೆ ಬಿಡಿಬಿಡಿಯಾಗಿ ಬೀಳುತ್ತದೆ. ಫಾಂಟ್ ಕೆಟ್ಟಿದೆ ಎಂದು ಫಾಂಟ್ ಬದಲಿಸುತ್ತ ಕೂತರೆ ಪ್ರಯೋಜನವಿಲ್ಲ. ಆವೃತ್ತಿ ತೋರಿಸುವ ಆದೇಶ ಕೊಟ್ಟು, ‘ಡೆಲಿಗೇಟ್ಸ್’ ಸಾಲಿನಲ್ಲಿ ರಾಕ್ಮ್ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ಲೈಬ್ರರಿ ಹಾಕಿ, ಕಾನ್ಫಿಗರ್‌ನಿಂದಲೇ ಮತ್ತೆ ಶುರು ಮಾಡಬೇಕು.

ಇದರ ತಿರುವುಮುರುವು ತೊಂದರೆಯೂ ಉಂಟು. ಅಭಿವೃದ್ಧಿಗಾರರ ಕಂಪ್ಯೂಟರಿನಲ್ಲಿ ಯಾವಾಗಲೋ ಹಾಕಿದ ಲೈಬ್ರರಿಗಳು ತುಂಬಿರುವುದರಿಂದ ಬಿಲ್ಡ್ ಡಿಪೆಂಡೆನ್ಸಿಗಳ ಪಟ್ಟಿಯಲ್ಲಿ ಬರೆಯಲು ಮರೆತದ್ದು ಅವರ ಗಮನಕ್ಕೇ ಬರುವುದಿಲ್ಲ. ಡೆಬಿಯನ್ ‘ಎಸ್‌ಬಿಲ್ಡ್’ನಿಂದ, ಫೆಡೋರಾ ‘ಮಾಕ್’ನಿಂದ ಪ್ರತಿ ಸಲವೂ ಖಾಲಿ ಪರಿಸರದಲ್ಲಿ ಬಿಲ್ಡ್ ಮಾಡುವುದಕ್ಕೆ ಇದೂ ಒಂದು ಕಾರಣ.

ಕಲ್ಪನೆ: ಒಂದು ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿದ್ದು ಎಲ್ಲ ಲಿನಕ್ಸ್‌ನಲ್ಲೂ ಓಡುತ್ತದೆ.

ಉಬುಂಟು 22.04ರಲ್ಲಿ ಮಾಮೂಲಿಯಾಗಿ ಕಂಪೈಲ್ ಮಾಡಿದ, ನಾಲ್ಕು ಸಾಲಿನ ಸಿ ಪ್ರೋಗ್ರಾಂ ಕೂಡ ಉಬುಂಟು 20.04ರಲ್ಲಿ ಓಡುವುದಿಲ್ಲ. ಮೊದಲಿನದರಲ್ಲಿರುವ ಸಿ ಲೈಬ್ರರಿ ಜಿಲಿಬ್‌ಸಿ 2.35, ಎರಡನೆಯದರಲ್ಲಿ 2.31. ಪ್ರೋಗ್ರಾಂ ಶುರುವಾಗುವ ಜಾಗದ ಫಂಕ್ಷನ್‌ಗೆ 2021ರಲ್ಲಿ ಬಂದ 2.34ರಲ್ಲಿ ಹೊಸ ಆವೃತ್ತಿ ಗುರುತು ಬಿತ್ತು. ಹಳೆಯ ವ್ಯವಸ್ಥೆಗೆ ಆ ಗುರುತಿನ ಪರಿಚಯವಿಲ್ಲ. ಹೊಸ ಜಿಲಿಬ್‌ಸಿಯನ್ನು ತಂದು ಹಳೆಯ ವ್ಯವಸ್ಥೆಗೆ ತುರುಕುವ ಸಾಹಸ ಬೇಡ, ಅದರಿಂದ ಇಡೀ ವ್ಯವಸ್ಥೆಯೇ ಮಲಗಬಹುದು. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ. ಪೈಥಾನ್ ಪ್ಯಾಕೇಜುಗಳ ‘ಮೆನಿಲಿನಕ್ಸ್’ ಪರಿಸರ ಈ ಸೂತ್ರದ ಮೇಲೆಯೇ ನಿಂತಿದೆ: ಅದರ 2_28 ರೂಪವನ್ನು ಜಿಲಿಬ್‌ಸಿ 2.28 ಇರುವ ಅಲ್ಮಾಲಿನಕ್ಸ್ 8ರ ಮೇಲೆ ಕಟ್ಟಲಾಗಿದೆ. ಆಲ್ಪೈನ್‌ಗೆ ಮಾತ್ರ ಬೇರೆಯದೇ ಬಿಲ್ಡ್ ಬೇಕು, ಏಕೆಂದರೆ ಅಲ್ಲಿರುವುದು ಜಿಲಿಬ್‌ಸಿ ಅಲ್ಲ, ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿ.