ಯಾವ ಜಾವಾ ಓಡುತ್ತಿದೆ?

ಜಂಗಮಕೋಟೆಯ ಅಕ್ಕನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಅವಳ ಮಗ ಲ್ಯಾಪ್‌ಟಾಪ್ ಮುಂದೆ ತಲೆ ಕೆರೆಯುತ್ತಿದ್ದ. "ಮಾಮ, ಜಾವಾ ಹಾಕಿದೀನಿ. ಎಕ್ಲಿಪ್ಸ್‌ನಲ್ಲಿ ಓಡ್ತೈತೆ, ಮೇವನ್‌ನಲ್ಲಿ ಓಡಲ್ಲ." ಎಪಿಐ ಟೆಸ್ಟಿಂಗ್ ಕಲಿಯಲು ಹೊರಟು ಮೂರು ದಿನ, ಮೂರೂ ಇನ್‌ಸ್ಟಾಲ್‌ಗೇ ಹೋಗಿದ್ದವು.

ನಂಬಿಕೆ: ಜಾವಾ ಹಾಕಿದರೆ ಮುಗಿಯಿತು.

ಅವನು ಹಾಕಿದ್ದು ಜೆಆರ್‌ಇ. ಸಿದ್ಧವಾದ ಪ್ರೋಗ್ರಾಂ ಓಡಿಸಲು ಅದು ಸಾಕು, ನಾವು ಬರೆದ ಟೆಸ್ಟನ್ನು ಮೇವನ್ ಎಂಬ ಬಿಲ್ಡ್ ಸಾಧನ ಕಂಪೈಲ್ ಮಾಡಲು ಜೆಡಿಕೆ ಬೇಕು. ಎಕ್ಲಿಪ್ಸ್ ತನ್ನದೇ ಕಂಪೈಲರ್ ಇಟ್ಟುಕೊಂಡಿರುವುದರಿಂದ ಅಲ್ಲಿ ಗುಟ್ಟು ಬಯಲಾಗಲಿಲ್ಲ. ಜೆಡಿಕೆ ಹಾಕಿದ ಮೇಲೂ ತಕರಾರು ನಿಲ್ಲಲಿಲ್ಲ: 'ಜಾವಾ ಹೋಮ್' ಎದುರು ಅವನು ಬಿನ್ ಫೋಲ್ಡರ್‌ನ ವಿಳಾಸ ಕೊಟ್ಟಿದ್ದ. ಅಲ್ಲಿ ಕೊಡಬೇಕಾದದ್ದು ಜೆಡಿಕೆಯ ಮೂಲ ಫೋಲ್ಡರ್, ಬಿನ್ ಸೇರಬೇಕಾದದ್ದು 'ಪಾತ್'ಗೆ. ಸರಿಪಡಿಸಿದೆವು. ಆದರೂ ಅದೇ ಎರರ್! ಮೊದಲೇ ತೆರೆದಿದ್ದ ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಗೆ ಬದಲಾವಣೆ ತಿಳಿಯುವುದಿಲ್ಲ. ಮುಚ್ಚಿ ಹೊಸದಾಗಿ ತೆರೆದಾಗ ದಾರಿಗೆ ಬಂತು.

ನಂಬಿಕೆ: ಜಾವಾ ಎಲ್ಲ ಒಂದೇ, ಯಾವ ವರ್ಷನ್ ಆದರೇನು?

ಚಾಕಿ ಹಂತದ ಎಳೆ ಹುಳುವಿಗೆ ಬಲಿತ ಸೊಪ್ಪು ಹಾಕಿದರೆ ಏನಾಗುತ್ತದೆಂದು ಅಕ್ಕನನ್ನು ಕೇಳಿ. ಜಾವಾ 17ಕ್ಕೆಂದು ಕಂಪೈಲ್ ಮಾಡಿದ ಕ್ಲಾಸ್ ಫೈಲ್‌ನ ಸಂಖ್ಯೆ 61. ಜಾವಾ 8 ಅರಗಿಸಿಕೊಳ್ಳುವುದು 52ರವರೆಗೆ ಮಾತ್ರ. ಹಳೆಯದನ್ನು ಹೊಸ ಜಾವಾ ಸಾಮಾನ್ಯವಾಗಿ ಓಡಿಸುತ್ತದೆ, ಹೊಸದನ್ನು ಹಳೆಯದು ಓಡಿಸುವುದಿಲ್ಲ. ಒಂದೇ ಯಂತ್ರದಲ್ಲಿ ಎರಡು ಮೂರು ಜಾವಾ ಇದ್ದರೆ ತಪ್ಪಲ್ಲ. ಆದರೆ ಮೇವನ್ ಯಾವುದನ್ನು ಹಿಡಿದಿದೆ ಎಂದು ಊಹಿಸುತ್ತ ಕೂರಬಾರದು. 'ಎಂವಿಎನ್ -ವರ್ಷನ್' ಎಂದು ಕೊಟ್ಟರೆ ಅದೇ ಹೇಳುತ್ತದೆ.

ನಂಬಿಕೆ: ಜಾವಾಗೆ ದುಡ್ಡು ಕಟ್ಟಬೇಕು.

2019ರಲ್ಲಿ ಒರಾಕಲ್ ತನ್ನ ಜೆಡಿಕೆಯ ಪರವಾನಗಿ ನಿಯಮ ಬದಲಿಸಿದಾಗ ಎದ್ದ ಗುಲ್ಲು ಇದು. ಓಪನ್‌ಜೆಡಿಕೆ, ಟೆಮುರಿನ್‌ನಂಥ ಜೆಡಿಕೆಗಳು ಪುಕ್ಕಟೆ ಸಿಗುತ್ತವೆ.

ನಂಬಿಕೆ: ನೆಟ್ ಹೋದರೆ ಟೆಸ್ಟ್ ಇಲ್ಲ.

ಮೊದಲ ಸಲ ಬೇಕೇ ಬೇಕು, ರೆಸ್ಟ್ ಅಶ್ಯೂರ್ಡ್, ಜೆಯೂನಿಟ್ ಎಂಬ ಟೆಸ್ಟ್ ಲೈಬ್ರರಿಗಳೆಲ್ಲವನ್ನೂ ಮೇವನ್ ಇಳಿಸಿಕೊಂಡು 'ಎಂ2' ಫೋಲ್ಡರ್‌ನಲ್ಲಿ ಕೂಡಿಡುತ್ತದೆ. ಟೆಸ್ಟ್ ಒಮ್ಮೆ ಪೂರ್ತಿ ಓಡಿದ ಮೇಲೆ 'ಎಂವಿಎನ್ -ಓ ಟೆಸ್ಟ್' ಸಾಕು. ಪರೀಕ್ಷಿಸುವ ಸರ್ವರ್ ನಮ್ಮ ಯಂತ್ರದಲ್ಲೇ ಇರಬೇಕು, ಅಷ್ಟೆ.

ನಂಬಿಕೆ: 'ಬಿಲ್ಡ್ ಸಕ್ಸಸ್' ಬಂದರೆ ಟೆಸ್ಟ್ ಪಾಸು.

ಸಂಜೆ ಹೊತ್ತಿಗೆ ಹಸಿರು ಅಕ್ಷರ ಕಂಡು ಹುಡುಗ ಎದ್ದು ನಿಂತ. ನಾನು ಮೇಲಿನ ಸಾಲುಗಳತ್ತ ಬೆರಳು ತೋರಿಸಿದೆ: ಓಡಿಸಲು ಟೆಸ್ಟ್‌ಗಳೇ ಇಲ್ಲ ಎಂದಿತ್ತು. ಟೆಸ್ಟ್ ಓಡಿಸುವ ಮೇವನ್ ಪ್ಲಗಿನ್ ಶ್ಯೂರ್‌ಫೈರ್, ಕಡತವನ್ನು ಹುಡುಕುವುದು ಹೆಸರು ನೋಡಿ. ಸಾಮಾನ್ಯವಾಗಿ ಹೆಸರಿನ ಮೊದಲಲ್ಲೋ ಕೊನೆಯಲ್ಲೋ 'ಟೆಸ್ಟ್' ಇರಬೇಕು. ಇವನು 'ಲಾಗಿನ್‌ಚೆಕ್' ಎಂದು ಇಟ್ಟಿದ್ದ. ಎಷ್ಟೋ ಆಫೀಸುಗಳಲ್ಲಿ ಇಂಥ ಖಾಲಿ ಹಸಿರು ತಿಂಗಳುಗಟ್ಟಲೆ ಮೆರೆಯುತ್ತದೆ, ಯಾರೂ ಎಣಿಸಿ ನೋಡುವುದಿಲ್ಲ.

'ಲಾಗಿನ್‌ಟೆಸ್ಟ್' ಎಂದು ಬದಲಿಸಿ ಮತ್ತೆ ಓಡಿಸಿದ. ಈ ಸಲ ಕೆಂಪು: ಓಡಿದ್ದು 1, ಸೋತಿದ್ದು 1. 200 ಬರಬೇಕಿದ್ದಲ್ಲಿ 404 ಬಂದಿತ್ತು.

ಅಕ್ಕ ಸೊಪ್ಪಿನ ಬುಟ್ಟಿ ಹೊತ್ತು ಹಾದುಹೋಗುತ್ತ, "ಆಯ್ತೇನೋ?" ಅಂದಳು.

"ಫೇಲಾಯ್ತಮ್ಮ!" ಅಂದ, ಮುಖವರಳಿಸಿ.