ಒಂದು ರಸ್ತೆ, ಒಂದೇ ಸಮೀಕರಣ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಳಗೆ ಎರಕ ಹೊಯ್ಯುವ ಹೊತ್ತು. ಫರ್ನೇಸಿನ ಬಾಯಿ ನಿಧಾನಕ್ಕೆ ಬಾಗುತ್ತದೆ. ಕಬ್ಬಿಣ ನೀರಾಗಿ, ಕಣ್ಣು ಕುಕ್ಕುವ ಕಿತ್ತಳೆ ಬೆಳಕಾಗಿ ಲ್ಯಾಡಲ್‌ಗೆ ಇಳಿಯುತ್ತದೆ. 1400 ಡಿಗ್ರಿಯ ಆಸುಪಾಸಿನ ಕಾವು. ನೆಲದ ಮೇಲೆ ಮರಳಿನ ಅಚ್ಚುಗಳು ಸಾಲಾಗಿ ಕುಳಿತಿವೆ. ಲ್ಯಾಡಲ್ ಹಿಡಿದವರು ಕೈ ನಡುಗಿಸದೆ, ಧಾರೆ ಕಡಿಯದಂತೆ ಒಂದೊಂದರ ಬಾಯಿಗೂ ಹೊಯ್ಯುತ್ತ ಸಾಗುತ್ತಾರೆ. ಗಾಳಿಕಿಂಡಿಗಳಲ್ಲಿ ನೀಲಿ ಜ್ವಾಲೆ ಪುಟಿಯುತ್ತದೆ. ಸುಟ್ಟ ಮರಳಿನ ವಾಸನೆ ಶೆಡ್ಡಿನ ತುಂಬ ಹಬ್ಬುತ್ತದೆ. ಸ್ವಲ್ಪ ಹೊತ್ತಿಗೆ ಬೆಳಕು ಆರಿ, ಅಚ್ಚುಗಳು ಮತ್ತೆ ಬರಿಯ ಮರಳಿನ ಪೆಟ್ಟಿಗೆಗಳಾಗಿ ಕಾಣುತ್ತವೆ.

ಒಳಗಿನ ಕಥೆ ಶುರುವಾಗುವುದು ಆಗಲೇ. ಪಂಪಿನ ಬಾಡಿಯೊಂದನ್ನು ಎರಕ ಹೊಯ್ದಿದ್ದಾರೆ ಎನ್ನೋಣ. ಅದರ ತೆಳು ಭಾಗ ಬೇಗ ಗಟ್ಟಿಯಾಗುತ್ತದೆ, ದಪ್ಪ ಭಾಗ ತಡವಾಗಿ. ಕೊನೆಗೆ ಗಟ್ಟಿಯಾಗುವ ಜಾಗಕ್ಕೆ ಕರಗಿದ ಲೋಹ ಬಂದು ತುಂಬದಿದ್ದರೆ ಅಲ್ಲಿ ಪೊಳ್ಳು ಉಳಿಯುತ್ತದೆ. ಹೊರಗೆ ನಯವಾಗಿ ಕಾಣುವ ಎರಕ, ನೀರಿನ ಒತ್ತಡ ಬಿದ್ದ ದಿನ ಸೋರುತ್ತದೆ. ಅದಕ್ಕೇ ದಪ್ಪ ಭಾಗದ ಮೇಲೆ ರೈಸರ್ ಇಡುತ್ತಾರೆ: ಎಲ್ಲಕ್ಕಿಂತ ಕೊನೆಗೆ ಆರಿ, ಅಲ್ಲಿಯವರೆಗೂ ಲೋಹ ಉಣಿಸುತ್ತಿರುವ ಹೆಚ್ಚುವರಿ ಗುಂಡಿ. ಅದನ್ನು ಎಲ್ಲಿಡಬೇಕು, ಎಷ್ಟು ದೊಡ್ಡದು ಮಾಡಬೇಕು ಎಂಬುದು ಹಿಂದೆ ಹಿರಿಯ ಮೋಲ್ಡರನ ಅನುಭವಕ್ಕೆ ಬಿಟ್ಟ ಮಾತಾಗಿತ್ತು. ಈಗ ಅಚ್ಚು ಕಟ್ಟುವ ಮೊದಲೇ ಕಂಪ್ಯೂಟರಿನ ಪರದೆಯ ಮೇಲೆ ಎರಕವನ್ನು ಹೊಯ್ದು ನೋಡಬಹುದು.

ಆ ತಂತ್ರಾಂಶ ಎರಕವನ್ನೂ ಅದರ ಸುತ್ತಲಿನ ಮರಳನ್ನೂ ಲಕ್ಷಾಂತರ ಪುಟ್ಟ ತುಣುಕುಗಳಾಗಿ ಒಡೆಯುತ್ತದೆ. ಪ್ರತಿ ತುಣುಕಿಗೂ ಒಂದೇ ಪ್ರಶ್ನೆ: ಪಕ್ಕದ ತುಣುಕಿಗಿಂತ ನೀನು ಎಷ್ಟು ಬಿಸಿ? ವ್ಯತ್ಯಾಸ ಹೆಚ್ಚಿದ್ದಷ್ಟೂ ಶಾಖ ಜೋರಾಗಿ ಹರಿಯುತ್ತದೆ. ಕ್ಷಣಕ್ಷಣಕ್ಕೂ ಈ ಲೆಕ್ಕ ಮುಂದೆ ಸಾಗಿ, ಕೊನೆಗೆ ಆರುವ ಜಾಗ ಪರದೆಯ ಮೇಲೆ ಕೆಂಪಾಗಿ ಉಳಿಯುತ್ತದೆ. ಈ ನಿಯಮವನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದ ಶಾಖದ ಗ್ರಂಥದಲ್ಲಿ ಕಟ್ಟಿಕೊಟ್ಟ. ಶಾಖ ಹೆಚ್ಚಿನ ಕಡೆಯಿಂದ ಕಡಿಮೆಯ ಕಡೆಗೆ, ಇಳಿಜಾರಿಗೆ ತಕ್ಕ ವೇಗದಲ್ಲಿ ಹರಿಯುತ್ತದೆ. ಆ ವೇಗವನ್ನು ನಿರ್ಧರಿಸಲು ಪ್ರತಿ ವಸ್ತುವಿಗೂ ಅದರದೇ ಒಂದು ಗುಣಾಂಕ ಇರುತ್ತದೆ.

ಈ ಗುಣಾಂಕದ ಹತ್ತಿರವೇ ತೊಡಕು ಇರುವುದು. ಮರಳಿನಲ್ಲಿ ತೇವ ಎಷ್ಟಿದೆ, ಅದನ್ನು ಎಷ್ಟು ಬಿಗಿಯಾಗಿ ತುಂಬಿದ್ದಾರೆ ಎಂಬುದರ ಮೇಲೆ ಅದು ಬದಲಾಗುತ್ತದೆ. ತಂತ್ರಾಂಶದೊಡನೆ ಬಂದ ಸಂಖ್ಯೆಯನ್ನೇ ನಂಬಿ ಕೂತರೆ ಪರದೆಯ ಎರಕ ಚೆನ್ನಾಗಿ ಬಂದೀತು, ಶೆಡ್ಡಿನದು ಪೊಳ್ಳಾದೀತು. ಅದಕ್ಕೇ ಒಳ್ಳೆಯ ಫೌಂಡ್ರಿಯವರು ಮೊದಲ ಎರಕವನ್ನು ಕೊಯ್ದು ಒಳಗೆ ನೋಡುತ್ತಾರೆ. ತಮ್ಮ ಮರಳನ್ನು ತಾವೇ ಪರೀಕ್ಷಿಸುತ್ತಾರೆ.

ಉದ್ಯಮಬಾಗದಿಂದ ಖಾನಾಪುರದ ರಸ್ತೆ ಹಿಡಿದರೆ ಪೀರನವಾಡಿ, ಆಮೇಲೆ ಮಚ್ಛೆ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ ಇರುವುದು ಮಚ್ಛೆಯ ಬಳಿ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಪಠ್ಯಕ್ರಮ ರೂಪುಗೊಳ್ಳುವ ಜಾಗ ಇದು. ಈ ಪಠ್ಯಗಳಲ್ಲಿ ಫೂರಿಯೇಯ ಸಮೀಕರಣ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮೆಕ್ಯಾನಿಕಲ್ ಓದುವವರಿಗೆ ಅದು ಶಾಖ ವರ್ಗಾವಣೆ. ಎಲೆಕ್ಟ್ರಾನಿಕ್ಸ್‌ನವರಿಗೆ ಸಿಲಿಕಾನ್ ಬಿಲ್ಲೆಯೊಳಗೆ ಬೇರೆ ಧಾತು ಹರಡುವ ಬಗೆ. ಸಿವಿಲ್‌ನವರಿಗೆ ಅಂತರ್ಜಲದ ಹರಿವು. ವಿಭಾಗಗಳು ಬೇರೆ, ಪರೀಕ್ಷೆಗಳು ಬೇರೆ. ಒಳಗಿನ ಗಣಿತ ಒಂದೇ.

ಇದು ಕಾಕತಾಳೀಯವೇನಲ್ಲ. 1855ರಲ್ಲಿ ಅಡಾಲ್ಫ್ ಫಿಕ್ ಎಂಬ ವೈದ್ಯ, ದ್ರಾವಣದಲ್ಲಿ ಉಪ್ಪು ಹರಡುವ ನಿಯಮವನ್ನು ಹುಡುಕುವಾಗ ಫೂರಿಯೇಯ ಶಾಖದ ನಿಯಮವನ್ನೇ ಮಾದರಿಯಾಗಿ ಇಟ್ಟುಕೊಂಡ. ಮರುವರ್ಷ, 1856ರಲ್ಲಿ, ಡಿಜಾನ್ ನಗರಕ್ಕೆ ನೀರು ಒದಗಿಸಿದ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಗಳಲ್ಲಿ ನೀರು ಹರಿಸಿ ಅಳೆದು, ನೀರೂ ಹಾಗೆಯೇ ಇಳಿಜಾರಿಗೆ ತಕ್ಕಂತೆ ಹರಿಯುತ್ತದೆ ಎಂದು ಪ್ರಕಟಿಸಿದ. ಒಂದು ಜಟಿಲ ವ್ಯವಸ್ಥೆಯನ್ನು ಬಿಡಿಸಲು ಕಟ್ಟಿದ ಗಣಿತ ಇನ್ನೊಂದಕ್ಕೆ ಹೀಗೆ ಕೈಗೂಡುವುದು ವಿಜ್ಞಾನದ ದೊಡ್ಡ ಭಾಗ್ಯಗಳಲ್ಲೊಂದು ಎಂದು ನನಗನ್ನಿಸುತ್ತದೆ.

ಮಚ್ಛೆ ದಾಟಿದರೆ ಗದ್ದೆ, ಗೋಡಂಬಿ, ಕೆಂಪು ಮಣ್ಣಿನ ದಿಬ್ಬ. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದಲ್ಲಿ ಖಾನಾಪುರ. ಊರ ಮಣ್ಣಿಗೆ ಹಳೆಯ ಹೆಸರು: ಮಡಕೆ, ಹೆಂಚು, ಇಟ್ಟಿಗೆ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇಲ್ಲಿಗೆ ಬಂದದ್ದೂ ಈ ಮಣ್ಣನ್ನು ನೋಡಿಯೇ ಇರಬೇಕು. ಕುಂಬಾರರ ಅಂಗಳದಲ್ಲಿ ತಿಗರಿ ತಿರುಗುತ್ತದೆ, ಹಸಿ ಮಣ್ಣು ಬೆರಳ ನಡುವೆ ಮೇಲೇಳುತ್ತದೆ. ತಿಗರಿಯಿಂದ ಇಳಿದ ಮಡಕೆಗೆ ಬಿಸಿಲು ತೋರಿಸುವುದಿಲ್ಲ, ನೆರಳಲ್ಲಿಡುತ್ತಾರೆ. ಗಾಳಿ ಜೋರಿದ್ದರೆ ಒದ್ದೆ ಗೋಣಿ ಹೊದಿಸುತ್ತಾರೆ. ಕಾರಣ ಕೇಳಿದರೆ ಉತ್ತರ ಚುಟುಕಾಗಿ ಬರುತ್ತದೆ: “ಮ್ಯಾಲ ಒಣಗಿ ಒಳಗ ಹಸಿ ಉಳದ್ರ ಸೀಳತೈತ್ರಿ.”

ಒಳಗಿನ ತೇವ ಮೇಲಕ್ಕೆ ಬರುವ ವೇಗಕ್ಕಿಂತ ಮೇಲ್ಮೈ ಒಣಗುವ ವೇಗ ಹೆಚ್ಚಾದರೆ ಹೊರಮೈ ಮೊದಲು ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಮೊದಲ ಅಂದಾಜಿಗೆ ಇದು ಫಿಕ್‌ನ ಸಮೀಕರಣ. ಗೋಣಿ ಹೊದಿಸುವ ಕೈ ಆ ಇಳಿಜಾರನ್ನು ಸಮ ಮಾಡುತ್ತಿದೆ. ಮಣ್ಣಿಗೆ ಮರಳನ್ನೋ ಬೂದಿಯನ್ನೋ ಬೆರೆಸಿ ಹದ ಮಾಡುವ ಕೈ, ಗುಣಾಂಕವನ್ನೇ ಬದಲಿಸುತ್ತಿದೆ. ಇನ್ನೊಂದು ಊರಿನ ಮಣ್ಣು ತಂದರೆ ಇದೇ ಕುಂಬಾರ ಮತ್ತೆ ಮೊದಲಿನಿಂದ ಹದ ಹುಡುಕಬೇಕು.

ಖಾನಾಪುರದ ಪಡುವಣ ದಿಕ್ಕಿನ ಜಂಬಿಟ್ಟಿಗೆಯ ನೆಲದಲ್ಲಿ ಬಾವಿಗಳ ಸ್ವಭಾವವೇ ಬೇರೆ. ಮಳೆಗಾಲದಲ್ಲಿ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಮಳೆ ನಿಂತ ಮೇಲೆ ಸರಸರ ಇಳಿಯುತ್ತದೆ, ಕಲ್ಲಿನ ಮೈತುಂಬ ರಂಧ್ರ. ಪಂಪು ಹಚ್ಚಿದ ಬಾವಿಯ ಸುತ್ತ ನೀರಿನ ಮಟ್ಟ ಹೇಗೆ ತಗ್ಗುತ್ತದೆ ಎಂಬ ಲೆಕ್ಕವನ್ನು ಅಮೆರಿಕದ ಚಾರ್ಲ್ಸ್ ಥೀಸ್ 1935ರಲ್ಲಿ ಬಿಡಿಸಿದ. ಆತ ಅದನ್ನು ಶಾಖದ ಗಣಿತದಿಂದಲೇ ಎರವಲು ತಂದ. ಉದ್ಯಮಬಾಗದ ಎರಕದಿಂದ ಕಾವು ಮರಳಿಗೆ ಇಳಿಯುವುದೂ ಖಾನಾಪುರದ ಬಾವಿಗೆ ನೆಲದಿಂದ ನೀರು ಜಿನುಗುವುದೂ ಕಾಗದದ ಮೇಲೆ ಒಂದೇ. ಗಟ್ಟಿ ಕಲ್ಲಿನ ನಾಡಿನ ನೀರನ್ನು ಅಧ್ಯಯನ ಮಾಡಲೆಂದೇ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಳಗಾವಿಯಲ್ಲಿದೆ. ಬಿರುಕಿನ ಕಪ್ಪು ಕಲ್ಲು, ಜಂಬಿಟ್ಟಿಗೆ, ಕಾಡಿನ ಮಣ್ಣು ಒಂದೊಂದೂ ನೀರನ್ನು ಎಷ್ಟು ಬಿಟ್ಟುಕೊಡುತ್ತದೆ ಎಂದು ತಿಳಿಯದೆ ಇಲ್ಲಿ ಯಾವ ಸಮೀಕರಣವೂ ಮುಂದೆ ಹೋಗುವುದಿಲ್ಲ.

ಖಾನಾಪುರದಿಂದ ಜಾಂಬೋಟಿಯ ಮೇಲೆ ಕಣಕುಂಬಿಯತ್ತ ಏರಿದಂತೆ ಕಾಡು ಎರಡೂ ಬದಿಯಿಂದ ರಸ್ತೆಯ ಮೇಲೆ ಬಾಗುತ್ತದೆ. ಆಷಾಢದಲ್ಲಿ ಇಲ್ಲಿ ಮಂಜಿಗೂ ಮಳೆಗೂ ನಡುವೆ ಗೆರೆ ಇರುವುದಿಲ್ಲ. ಮರದ ಬೊಡ್ಡೆಗಳಿಗೆ ಪಾಚಿ, ಹೆಂಚಿನ ಮಾಡಿಗೆ ಪಾಚಿ, ಗೋಡೆಗೂ ಪಾಚಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಸುರಿಯುವುದು ಇಲ್ಲಿಯ ವಾಡಿಕೆ. ಇದೇ ಜಿಲ್ಲೆಯ ಸವದತ್ತಿಯ ಕಡೆ ಇಳಿದರೆ ಅದರ ಕಾಲು ಪಾಲೂ ಇಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರವನ್ನು ಹಾದು, ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟನ್ನು ತುಂಬಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹುಬ್ಬಳ್ಳಿ–ಧಾರವಾಡದ ಮನೆಗಳ ನಲ್ಲಿಗೆ ಹೋಗುವ ನೀರೂ ಈ ಕಾಡಿನ ಬಾಕಿಯೇ.

ಖಾನಾಪುರದ ಬಳಿ ನದಿಯ ಹರಿವನ್ನು ಅಳೆಯುವ ಠಾಣೆ ಇದೆ. ಅದರ ಮೇಲಿನ ಜಲಾನಯನ ಸುಮಾರು 500 ಚದರ ಕಿ.ಮೀ. ಎಂದು ಹಿಡಿಯೋಣ. ಅಷ್ಟು ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ 50 ಕೋಟಿ ಲೀಟರ್ ನೀರು. ಒಂದು ದಿನ 100 ಮಿ.ಮೀ. ಸುರಿದರೆ ಅದರಲ್ಲಿ ಹೊಳೆಗೆ ಬರುವುದು ಎಷ್ಟು? ಎಲೆ ಒಂದಿಷ್ಟು ತಡೆಯುತ್ತದೆ, ಮಣ್ಣು ಕುಡಿಯುತ್ತದೆ, ಜಂಬಿಟ್ಟಿಗೆ ಇಳಿಸಿಕೊಳ್ಳುತ್ತದೆ, ಗದ್ದೆಯ ಬದು ನಿಲ್ಲಿಸುತ್ತದೆ. ಇಲ್ಲಿ ಒಂದೇ ಸಮೀಕರಣ ಸಾಲದು. ಹರಿವಿನೊಳಗೆ ಹರಿವು ಹೆಣೆದುಕೊಂಡಿದೆ. ನಿನ್ನೆಯ ಮಳೆ ಇವತ್ತಿನ ಲೆಕ್ಕವನ್ನು ಬದಲಿಸುತ್ತದೆ. ಜಟಿಲ ವ್ಯವಸ್ಥೆ ಎಂದರೆ ಇದೇ.

ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿದ ವಿಧಾನವೊಂದನ್ನು ಜಗತ್ತಿನ ಎಷ್ಟೋ ನದಿಗಳ ಮಾದರಿಗಳು ಇಂದಿಗೂ ಬಳಸುತ್ತವೆ. ನೆಲದ ಗುಣವನ್ನೆಲ್ಲ ಅದು ನೂರರೊಳಗಿನ ಒಂದು ಸಂಖ್ಯೆಗೆ ಇಳಿಸುತ್ತದೆ. ಕಾಡಿನ ನೆಲಕ್ಕೆ 60 ಎಂದು ಕೊಟ್ಟರೆ, 100 ಮಿ.ಮೀ. ಮಳೆಯಲ್ಲಿ ಸುಮಾರು 19 ಮಿ.ಮೀ. ಮಾತ್ರ ಹರಿದು ಬರುತ್ತದೆ. ಅದೇ ಕಾಡು ಹಲವು ದಿನದ ಮಳೆಗೆ ನೆಂದ ಅರಳೆಯಂತೆ ತುಂಬಿ ನಿಂತಿದ್ದರೆ ಆ ಸಂಖ್ಯೆ 78ರ ಹತ್ತಿರಕ್ಕೆ ಏರುತ್ತದೆ. ಆಗ ಹರಿದು ಬರುವುದು 47 ಮಿ.ಮೀ. ಅಷ್ಟೇ ಮಳೆ, ಅದೇ ಕಾಡು. ನದಿಗೆ ಹೆಚ್ಚಾಗಿ ಬಂದ ನೀರು ಅರ್ಧ ಟಿಎಂಸಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನುಗ್ಗಿದಾಗ ಕೆಳಗಿನ ಊರುಗಳು ಕಂಡದ್ದು, ಮಣ್ಣು ತುಂಬಿದ ಮೇಲೂ ನಿಲ್ಲದೆ ಸುರಿದ ಮಳೆಯ ಬಲವನ್ನು.

ಎರಕವನ್ನು ಕೊಯ್ದು ನೋಡಬಹುದು. ಮಡಕೆಯನ್ನು ಬೆರಳಿನಿಂದ ತಟ್ಟಿ ಕೇಳಬಹುದು. ಕಾಡನ್ನೂ ನದಿಯನ್ನೂ ಹಾಗೆ ಒಡೆದು ನೋಡಲಾಗದು. ಅವುಗಳ ಮಾದರಿಗೆ ಇರುವುದು ಒಂದೇ ಪರೀಕ್ಷೆ: ಕೆಲವು ವರ್ಷಗಳ ಮಳೆ–ಹರಿವಿನ ದಾಖಲೆಯಿಂದ ಗುಣಾಂಕಗಳನ್ನು ಹೊಂದಿಸಿ, ಮಾದರಿ ನೋಡಿಯೇ ಇರದ ಬೇರೆ ವರ್ಷಗಳ ಹೊಳೆಯನ್ನು ಅದು ಸರಿಯಾಗಿ ಹೇಳುತ್ತದೆಯೇ ಎಂದು ನೋಡುವುದು. ಆ ದಾಖಲೆ ಬೆಳೆಯುವುದು ದಿನಕ್ಕೊಂದು ಅಂಕಿಯಂತೆ. ಬೆಳಗ್ಗೆ ಎಂಟೂವರೆಗೆ, ಕೊಡೆ ನಿಲ್ಲದ ಗಾಳಿಯಲ್ಲೂ, ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು ಪುಸ್ತಕದಲ್ಲಿ ಬರೆಯುವ ಒಬ್ಬ ಮನುಷ್ಯ ಇದ್ದರೆ ಮಾತ್ರ ಆ ಅಂಕಿ ಉಂಟು.

ಇದೇ ತಾಲ್ಲೂಕಿನ ದೇಗಾಂವದಲ್ಲಿ ಹುಟ್ಟಿ ಗೋವೆಯ ಕಡೆಗೆ ಇಳಿಯುವ ಮಹದಾಯಿಯ ವ್ಯಾಜ್ಯದಲ್ಲೂ ಮೂಲ ಪ್ರಶ್ನೆ ಇದೇ ಆಗಿತ್ತು: ಹೊಳೆಯಲ್ಲಿ ನೀರು ಎಷ್ಟಿದೆ? 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿತು. ಇಂಥ ಅಂಕಿಗಳ ಹಿಂದೆ ಮಾದರಿಗಳಿರುತ್ತವೆ, ಮಾದರಿಗಳ ಹಿಂದೆ ಅಳತೆಗಳು. ಕಾಡಿನ ನೆತ್ತಿಯಲ್ಲಿ ಮಾಪಕಗಳು ವಿರಳವಾದಷ್ಟೂ ವಾದಕ್ಕೆ ಜಾಗ ಹೆಚ್ಚು, ಸತ್ಯಕ್ಕೆ ಕಡಿಮೆ.

ಸಮೀಕರಣ ಪ್ಯಾರಿಸ್‌ನಿಂದ ಬರಲಿ, ಡಿಜಾನ್‌ನಿಂದ ಬರಲಿ. ಅದು ಎಲ್ಲರ ಆಸ್ತಿ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಗುಣಾಂಕವನ್ನು ಮಾತ್ರ ಉದ್ಯಮಬಾಗದ ಮರಳಿನಿಂದ, ಖಾನಾಪುರದ ಜೇಡಿಯಿಂದ, ಕಣಕುಂಬಿಯ ಮಣ್ಣಿನಿಂದ ನಾವೇ ತೆಗೆಯಬೇಕು. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಮಕ್ಕಳು ಪ್ರಾಜೆಕ್ಟಿಗೆಂದು ಬೇರೆ ದೇಶದ ದತ್ತಾಂಶ ಹುಡುಕುವ ಬದಲು ಜಾಂಬೋಟಿಯ ಒಂದು ಶಾಲೆಯ ಅಂಗಳದಲ್ಲಿ ಮಳೆಮಾಪಕ ನೆಡಲಿ, ಒಂದು ಬಾವಿಯ ಮಟ್ಟವನ್ನು ವಾರಕ್ಕೊಮ್ಮೆ ಅಳೆಯಲಿ, ಪುಸ್ತಕವನ್ನು ಮುಂದಿನ ವರ್ಷದವರ ಕೈಗೆ ಕೊಡಲಿ. ಮೂವತ್ತು ತಂಡಗಳು ಹಾಗೆ ದಾಟಿ ಹೋದರೆ ಈ ನೆಲಕ್ಕೆ ಮೂವತ್ತು ವರ್ಷದ ದಾಖಲೆ ಇರುತ್ತದೆ. ಯಾವ ಕಂಪ್ಯೂಟರೂ ಅದನ್ನು ಬೇರೆಡೆಯಿಂದ ತಂದುಕೊಡಲಾರದು.